ಜೂನ್ ತಿಂಗಳಲ್ಲಿ ಬಾಟಿಕ್ ಶುರು ಮಾಡಬೇಡಿ

ಕಳೆದ ವಾರ ಒಂದು ದುಪಟ್ಟಾ ಮುಗಿಯಿತು. ಬರೀ ಎರಡೂವರೆ ಮೀಟರ್ ಬಟ್ಟೆ. ಶುರು ಮಾಡಿದ್ದು ಜೂನ್ ಎರಡನೇ ವಾರ, ಮುಗಿದದ್ದು ಡಿಸೆಂಬರ್ ಕೊನೆಗೆ. ನಡುವೆ ಎರಡು ಬಟ್ಟೆ ಹಾಳಾಯಿತು, ಒಂದು ಅಲ್ಯೂಮಿನಿಯಂ ಪಾತ್ರೆ ಕಪ್ಪಾಯಿತು, ಅಡುಗೆಮನೆಯಲ್ಲಿ ಒಮ್ಮೆ ಹೊಗೆ ತುಂಬಿತು. ನಮ್ಮ ಅತ್ತೆಗಂತೂ ಫ್ರಿಜ್ ಬಾಗಿಲು ತೆಗೆಯುವ ಮೊದಲು "ಒಳಗೆ ಎಂಥ ಇಟ್ಟಿದ್ದೀ?" ಅಂತ ಕೇಳುವ ಅಭ್ಯಾಸ ಆಗಿಬಿಟ್ಟಿದೆ. ಮಂಗಳೂರು, ಉಡುಪಿ ಕಡೆಯಲ್ಲಿ ಯಾರಾದರೂ ಮನೆಯಲ್ಲೇ ಬಾಟಿಕ್ ಮಾಡಬೇಕು ಅಂತ ಆಸೆ ಇಟ್ಟುಕೊಂಡಿದ್ದರೆ, ಇದನ್ನು ಓದಿ ಆಮೇಲೆ ಮೇಣ ಕರಗಿಸಿ. ವಿಡಿಯೋಗಳಲ್ಲಿ ಉಳಿದದ್ದೆಲ್ಲ ಹೇಳುತ್ತಾರೆ. ನಮ್ಮ ಹವೆಯ ಬಗ್ಗೆ ಮಾತ್ರ ನಾನು ನೋಡಿದ ಒಬ್ಬರೂ ಹೇಳಲಿಲ್ಲ.

ಬಾಟಿಕ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಬಿಸಿ ಮೇಣದಲ್ಲಿ ಬಟ್ಟೆ ಮೇಲೆ ಚಿತ್ರ ಬರೆಯುವುದು. ಮೇಣ ಇದ್ದಲ್ಲಿ ಬಣ್ಣ ಹತ್ತುವುದಿಲ್ಲ. ಆಮೇಲೆ ಮೇಣ ತೆಗೆದರೆ ಆ ಜಾಗ ಮೊದಲಿನ ಬಣ್ಣದಲ್ಲೇ ಉಳಿಯುತ್ತದೆ. ಇಷ್ಟೇ. ಜಾವಾದವರು ಇದರಲ್ಲಿ ಎತ್ತಿದ ಕೈ, ಇಂಡೋನೇಷ್ಯಾದ ಬಾಟಿಕ್‌ಗೆ 2009ರಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿತು. ರವೀಂದ್ರನಾಥ ಟಾಗೋರರು 1927ರಲ್ಲಿ ಜಾವಾಕ್ಕೆ ಹೋಗಿ ಬಂದ ಮೇಲೆ ಶಾಂತಿನಿಕೇತನದಲ್ಲೂ ಇದು ಬೇರು ಬಿಟ್ಟಿತು. ಚೆನ್ನೈ ಹತ್ತಿರ 1966ರಲ್ಲಿ ಚೋಳಮಂಡಲ ಕಲಾಗ್ರಾಮ ಕಟ್ಟಿದ ಕಲಾವಿದರು ಹೊಟ್ಟೆಪಾಡಿಗೆ ಬಾಟಿಕ್ ಮಾಡಿ ಮಾರುತ್ತಿದ್ದರಂತೆ. ಅದನ್ನು ಓದಿ ನನಗೂ ಹುರುಪು ಬಂತು. ಅವರು ಹೊಟ್ಟೆಪಾಡು ನೋಡಿಕೊಂಡದ್ದರಲ್ಲಿ ನಾನು ಒಂದು ದುಪಟ್ಟಾ ಮಾಡಲಾರೆನೇ ಅಂತ.

ದುಪಟ್ಟಾ ಅಕ್ಕನ ಮಗಳಿಗೆ. ಮಣಿಪಾಲದಲ್ಲಿ ಓದುತ್ತಾಳೆ. "ಚಿಕ್ಕಮ್ಮ, ಹೂವು ಬಳ್ಳಿ ಬೇಡ, ಅದೆಲ್ಲ ಅಂಗಡಿಯಲ್ಲೇ ಸಿಗ್ತದೆ" ಅಂದಿದ್ದಳು. ಎಂತ ಬರೆಯುವುದು ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಐದನೇ ದಿನ ಬಂಗುಡೆ ಕ್ಲೀನ್ ಮಾಡುತ್ತಾ ಅದರ ಬೆನ್ನು ನೋಡಿದೆ. ನೀಲಿ ಹಸಿರು ಬೆನ್ನಿನ ಮೇಲೆ ಅಂಕುಡೊಂಕು ಕಪ್ಪು ಗೆರೆ, ಕೆಳಗೆ ಬೆಳ್ಳಿ ಹೊಟ್ಟೆ. ಬಾಟಿಕ್‌ನಲ್ಲಿ ಮೇಣ ಒಡೆದು ಅದರೊಳಗೆ ಬಣ್ಣ ಇಳಿದರೆ ಬರುವ ಗೆರೆ ಇದೆಯಲ್ಲ, ಹೆಚ್ಚು ಕಡಿಮೆ ಅದೇ. ಬಂಗುಡೆ ಅಂತ ತೀರ್ಮಾನ ಆಯಿತು. ಅತ್ತೆ ಮಾತ್ರ "ಹೆಗಲ ಮೇಲೆ ಮೀನು ಹಾಕಿಕೊಂಡು ಕಾಲೇಜಿಗೆ ಹೋಗುವುದಾ?" ಅಂದರು.

ಮೊದಲ ತಪ್ಪು ಬಟ್ಟೆಯದ್ದು. ಪೇಟೆಯ ಒಂದು ಅಂಗಡಿಯಲ್ಲಿ ಪ್ಯೂರ್ ಕಾಟನ್ ಅಂತ ಹೇಳಿ ಮೂರು ಮೀಟರ್ ಕೊಟ್ಟರು. ಮೀಟರಿಗೆ 140 ರೂಪಾಯಿ. ಮೈ ನುಣುಪಾಗಿತ್ತು, ಸುಕ್ಕು ಬೀಳುತ್ತಿರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಹೋಗದಿದ್ದರೆ ಬಣ್ಣ ಸರಿಯಾಗಿ ಕುಡಿಯುವುದಿಲ್ಲ. ಹಾಗಾಗಿ ವಾಷಿಂಗ್ ಸೋಡಾ, ಸೋಪು ಹಾಕಿ ಒಂದು ಗಂಟೆ ಕುದಿಸಿದೆ. ಕುದಿಸಿದ್ದು ಅಲ್ಯೂಮಿನಿಯಂ ಪಾತ್ರೆಯಲ್ಲಿ. ಸೋಡಾಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ ಅಂತ ಒಳಗೆಲ್ಲ ಕಪ್ಪಾದ ಮೇಲೆ ಗೊತ್ತಾಯಿತು. ಕುಚ್ಚಲಕ್ಕಿ ಅನ್ನ ಮಾಡುತ್ತಿದ್ದ ದೊಡ್ಡ ಪಾತ್ರೆ ಅದು. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಅದನ್ನು ಇದಕ್ಕೇ ಅಂತ ಬೇರೆ ಇಟ್ಟುಬಿಡಿ. ಒಮ್ಮೆ ಬಣ್ಣ, ಮೇಣ ಮುಟ್ಟಿದ ಪಾತ್ರೆ, ಚಮಚ ಯಾವುದೂ ಮತ್ತೆ ಅಡುಗೆಗೆ ಬೇಡ.

ಗಂಜಿ ಹೋಯಿತಾ ಅಂತ ತಿಳಿಯಲು ಒಣಗಿದ ಬಟ್ಟೆ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಂಡರೆ ಸರಿ. ಹನಿ ಕೆಸುವಿನ ಎಲೆಯ ಮೇಲೆ ಕೂತ ಹಾಗೆ ಕೂತರೆ ಇನ್ನೊಮ್ಮೆ ಕುದಿಸಿ.

ಬಣ್ಣಕ್ಕೆ ಆರ್ಡರ್ ಹಾಕಿದ್ದು ಆನ್‌ಲೈನ್‌ನಲ್ಲಿ. ಬಾಟಿಕ್‌ಗೆ ತಣ್ಣೀರಿನಲ್ಲಿ ಹತ್ತುವ ಬಣ್ಣವೇ ಬೇಕು, ಬಿಸಿ ನೀರಿಗೆ ಹಾಕಿದರೆ ಮೇಣವೇ ಕರಗಿ ಹೋಗುತ್ತದಲ್ಲ. ರಿಯಾಕ್ಟಿವ್ ಡೈ ಅಂತ ಕೇಳಿ, ಅದರಲ್ಲೂ ಕೋಲ್ಡ್ ಬ್ರ್ಯಾಂಡ್ ಅಂತ ಬಿಡಿಸಿ ಹೇಳಿ. ಬಿಸಿಗೆ ಹತ್ತುವ ಜಾತಿಯೂ ಉಂಟು, ಅದು ಬಂದರೆ ಕೆಲಸಕ್ಕೆ ಬಾರದು. ನನ್ನ ಪಾರ್ಸೆಲ್ ಬರಲು 17 ದಿನ. ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತು, ನಮ್ಮ ಕಡೆಯವರಿಗೆ ಇದೇನು ಹೊಸತಲ್ಲ. ಬಂದಾಗ ಡಬ್ಬದ ಒಂದು ಮೂಲೆ ಒದ್ದೆ. ಒಳಗಿನ ನಾಲ್ಕು ಪುಡಿಯಲ್ಲಿ ಹಳದಿಯದ್ದು ಗಟ್ಟಿಯಾಗಿ ಬೆಲ್ಲದ ಅಚ್ಚಿನ ಹಾಗೆ ಕೂತಿತ್ತು. ಈ ಬಣ್ಣಕ್ಕೆ ತೇವ ತಾಗಿದರೆ ಅದರ ಶಕ್ತಿಯೇ ಹೋಗುತ್ತದೆ. ಬದಲಿ ಕೇಳಿದರೆ ಬಿಲ್ಲಿನ ಪ್ರತಿ, ಡಬ್ಬ ಒಡೆಯುವಾಗ ತೆಗೆದ ವಿಡಿಯೋ, ಎರಡೂ ಬೇಕು ಅಂದರು. ಬಿಲ್ಲು ಇತ್ತು, ವಿಡಿಯೋ ಎಲ್ಲಿಂದ ತರಲಿ? ಹಳದಿ ಹೋಯಿತು. ಪಾರ್ಸೆಲ್ ಒಡೆಯುವಾಗ ಮನೆಯವರ ಕೈಗೆ ಮೊಬೈಲ್ ಕೊಟ್ಟು ನಿಲ್ಲಿಸಿಕೊಳ್ಳಿ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪುಡಿ ಕಲಸುವಾಗ ಮಾಸ್ಕ್, ಕೈಗವಸು ಬೇಕೇ ಬೇಕು. ಆ ಪುಡಿ ಮೂಗಿಗೆ ಹೋದರೆ ಕೆಲವರಿಗೆ ಅಲರ್ಜಿಯಾಗಿ ಉಸಿರಾಟದ ತೊಂದರೆ ಅಂಟಿಕೊಳ್ಳುತ್ತದೆ. ಫ್ಯಾನ್ ಕೆಳಗಂತೂ ಕಲಸಲೇಬೇಡಿ.

ಮೇಣದ ವಿಷಯದಲ್ಲಿ ನಮ್ಮ ಊರು ಅದೃಷ್ಟದ್ದು. ಪ್ಯಾರಾಫಿನ್ ಮೇಣವನ್ನು ಪಕ್ಕದ ಮನೆ ಆಂಟಿ ಕೊಡಿಸಿದರು. ಅವರ ಚರ್ಚಿಗೆ ಮೇಣದಬತ್ತಿ ಮಾಡಿಕೊಡುವವರ ಹತ್ತಿರ ಒಂದು ಕಿಲೋ 220 ರೂಪಾಯಿಗೆ ಸಿಕ್ಕಿತು. ಜೇನುಮೇಣ ಸುಳ್ಯ ಕಡೆಯ ನೆಂಟರದ್ದು. ಅವರಲ್ಲಿ ಹತ್ತಿಪ್ಪತ್ತು ಜೇನುಪೆಟ್ಟಿಗೆ ಇದೆ. ಅರ್ಧ ಕಿಲೋಗೆ 300 ಕೊಟ್ಟೆ, ಬೇಡ ಬೇಡ ಅಂದುಕೊಂಡೇ ತೆಗೆದುಕೊಂಡರು. ಎರಡೂ ಬೇಕು. ಜೇನುಮೇಣ ಮೆತ್ತಗೆ, ಬಾಗುತ್ತದೆ, ಬಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಪ್ಯಾರಾಫಿನ್ ಗಡುಸು, ಒಡೆಯುತ್ತದೆ. ಬಿರುಕು ಜಾಸ್ತಿ ಬೇಕಾದರೆ ಪ್ಯಾರಾಫಿನ್ ಜಾಸ್ತಿ. ನಾನು ಅರ್ಧಕ್ಕರ್ಧ ಹಾಕಿದೆ.

ಜುಲೈ ಮೊದಲ ವಾರ ಮೊದಲ ಬಟ್ಟೆಗೆ ಕೈ ಹಾಕಿದೆ. ಚಾಂಟಿಂಗ್ ಇನ್ನೂ ಬಂದಿರಲಿಲ್ಲ. ಚಾಂಟಿಂಗ್ ಅಂದರೆ ಮೇಣದ ಪೆನ್ನು, ಮರದ ಹಿಡಿ, ತುದಿಯಲ್ಲಿ ಪುಟ್ಟ ತಾಮ್ರದ ಬಟ್ಟಲು, ಅದಕ್ಕೊಂದು ಸಣ್ಣ ಕೊಕ್ಕು. ಕಾಯುವ ತಾಳ್ಮೆ ಇಲ್ಲದೆ ಮಗನ ಪೇಂಟಿಂಗ್ ಬ್ರಷ್ ತೆಗೆದು ಮೇಣದಲ್ಲಿ ಅದ್ದಿದೆ. ನೈಲಾನ್ ಕೂದಲು. ಎರಡೇ ಸೆಕೆಂಡಿಗೆ ಸುಟ್ಟ ಸೀಗಡಿ ಹಾಗೆ ಸುರುಳಿ ಸುತ್ತಿತು. ಪ್ರಾಣಿಯ ಕೂದಲಿನ ಬ್ರಷ್ಷೇ ಬೇಕು, ಅದೂ ಒಮ್ಮೆ ಮೇಣಕ್ಕೆ ಇಳಿದರೆ ಮತ್ತೆ ಬೇರೆ ಕೆಲಸಕ್ಕಿಲ್ಲ. ಆಗ ಹೊಳೆದದ್ದು ಚಕ್ಕುಲಿ ಒರಳಿನ ಹಿತ್ತಾಳೆ ಬಿಲ್ಲೆ. ಇಕ್ಕಳದಲ್ಲಿ ಹಿಡಿದು, ಮೇಣದಲ್ಲಿ ಬಿಸಿಯಾಗಲು ಬಿಟ್ಟು, ಬಟ್ಟೆ ಮೇಲೆ ಒತ್ತಿದರೆ ದುಂಡಗಿನ ಅಚ್ಚು, ನಡುವೆ ನಕ್ಷತ್ರ. ಚೆಂದ ಬಂತು! ಜಾವಾದಲ್ಲೂ ತಾಮ್ರದ ಅಚ್ಚಿನಲ್ಲಿ ಹೀಗೇ ಒತ್ತುತ್ತಾರೆ, ಅದಕ್ಕೆ ಅವರು ಹೇಳುವ ಹೆಸರು ಚಾಪ್. ನಮ್ಮ ಛಾಪು ಅಂದ ಹಾಗೇ ಕೇಳುತ್ತದೆ ಅಲ್ವಾ. ಆ ಬಿಲ್ಲೆ ಈಗ ನನ್ನದು, ಅಷ್ಟಮಿಗೆ ಹೊಸದು ತಂದುಕೊಟ್ಟೆ.

ಇಷ್ಟೆಲ್ಲ ಮಾಡಿ ಬಣ್ಣ ಹಾಕಿ, ಒಂದು ರಾತ್ರಿ ಬಿಟ್ಟು ತೊಳೆದರೆ ಬಣ್ಣ ಪೂರ್ತಿ ನೀರಿನ ಜೊತೆ ಹೋಯಿತು. ಉಳಿದದ್ದು ಮಾಸಿದ ಹಳೇ ಲುಂಗಿಯಂಥ ನೀಲಿ. ಒಂದು ದಾರ ಎಳೆದು ಬೆಂಕಿ ಹಿಡಿದು ನೋಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಇದು ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಅರ್ಧ ಪಾಲಿಯೆಸ್ಟರ್. ಈ ಬಣ್ಣ ಹತ್ತಿಗೆ ಹಿಡಿಯುತ್ತದೆ, ಪಾಲಿಯೆಸ್ಟರ್‌ಗೆ ಹಿಡಿಯುವುದಿಲ್ಲ. ಅಂಗಡಿಯಿಂದ ಹೊರಡುವ ಮೊದಲೇ ಒಂದು ದಾರ ಕೇಳಿ ಸುಟ್ಟು ನೋಡಿ, ನಾಚಿಕೆ ಪಡಬೇಡಿ. ನಾನೀಗ ಪರ್ಸಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡೇ ಬಟ್ಟೆ ಅಂಗಡಿಗೆ ಹೋಗುವುದು.

ಎರಡನೇ ಬಟ್ಟೆ ನಿಜವಾದ ಹತ್ತಿ, ತೆಳು ಮಲ್, ಮೀಟರಿಗೆ 160. ಈ ಸಲ ಸುಟ್ಟು ನೋಡಿಯೇ ತಂದೆ. ಆದರೆ ಅದು ಆಷಾಢ. ಗಂಜಿ ತೆಗೆದ ಬಟ್ಟೆ ಒಣಗಲು ಮೂರು ದಿನ. ಆಮೇಲೆ ಪುಸ್ತಕದ ಪ್ರಕಾರ ವಾಷಿಂಗ್ ಸೋಡಾದ ನೀರಿನಲ್ಲಿ ನೆನೆಸಿ ಮತ್ತೆ ಒಣಗಿಸಬೇಕು, ಆಗ ಬಣ್ಣ ಹಚ್ಚಿದ ಕೂಡಲೇ ಹಿಡಿಯುತ್ತದಂತೆ. ಮತ್ತೆ ಮೂರು ದಿನ. ಹಾಲ್‌ನಲ್ಲಿ ಹಗ್ಗ ಕಟ್ಟಿ, ಹಗಲು ರಾತ್ರಿ ಫ್ಯಾನ್ ಹಾಕಿ, ಅದರ ಕೆಳಗೆ ಬಗ್ಗಿ ಬಗ್ಗಿ ಓಡಾಡಿ ಮನೆಯವರಿಗೆಲ್ಲ ಸಾಕಾಯಿತು. ನಾಲ್ಕನೇ ದಿನ ಮುಟ್ಟಿದರೆ ಒಣಗಿದ ಹಾಗೆ ಇತ್ತು. ಹೊರಗೆ ಎಂಟು ದಿನದಿಂದ ನಿಲ್ಲದೆ ಸುರಿಯುತ್ತಿದ್ದ ಮಳೆ. ಗೋಡೆಯೇ ಬೆವರುವಾಗ ಬಟ್ಟೆ ಎಷ್ಟು ಒಣಗೀತು? ಬಿಸಿ ಮೇಣ ತಾಗಿಸಿದ ಕೂಡಲೇ ಸಣ್ಣಗೆ ಚುಂಯ್ ಅಂತ ಶಬ್ದ, ಗೆರೆಯ ಉದ್ದಕ್ಕೂ ಗುಂಡುಪಿನ್ನಿನ ತಲೆಯಷ್ಟು ಗುಳ್ಳೆ. ಆ ಗುಳ್ಳೆ ಬಟ್ಟೆಯೊಳಗಿನ ನೀರು. ಮೇಣ ಒಳಗೆ ಇಳಿಯದೆ ಮೇಲೆಯೇ ನಿಂತಿತು. ಬಣ್ಣ ಹಾಕಿದಾಗ ಗೆರೆ ಕೆಳಗಿನಿಂದ ನುಗ್ಗಿ ಎಲ್ಲ ಮೀನೂ ಒಂದೇ ಮೀನಾಯಿತು.

ಅದಕ್ಕೂ ಮೊದಲು ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ತೇವ ಇದ್ದರೆ ಇಸ್ತ್ರಿ ಹಾಕಿದರಾಯಿತು ಅಂತ ಸೋಡಾದಲ್ಲಿ ನೆನೆಸಿದ ಬಟ್ಟೆಗೆ ಜೋರು ಬಿಸಿಯ ಇಸ್ತ್ರಿ ಎಳೆದೆ. ಒಂದು ಕಡೆ ಹಳದಿ ಬಣ್ಣಕ್ಕೆ ತಿರುಗಿತು. ಸೋಡಾ ಇರುವ ಹತ್ತಿಗೆ ಬಿಸಿ ಇಸ್ತ್ರಿ ಆಗದು, ಬೇಗ ಕಂದುತ್ತದೆ. ಅಮ್ಮನ ಮನೆಯಲ್ಲಿ ಮಳೆಗಾಲದಲ್ಲಿ ಬಚ್ಚಲ ಹಂಡೆ ಒಲೆಯ ಮೇಲ್ಗಡೆ ಬಿದಿರು ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಅಲ್ಲಿಗೆ ತೆಗೆದುಕೊಂಡು ಹೋಗಲಾ ಅಂತ ಫೋನ್ ಮಾಡಿದೆ. "ತಾ, ಆದರೆ ಹೊಗೆಯ ವಾಸನೆಗೆ ಮತ್ತೆ ನನ್ನನ್ನು ಬೈಯಬೇಡ" ಅಂದರು. ಹೋಗಲಿಲ್ಲ.

ಆಗಸ್ಟ್‌ನಲ್ಲಿ ಚಾಂಟಿಂಗ್ ಬಂತು, ಎರಡಕ್ಕೆ 700 ರೂಪಾಯಿ. ಹಳೇ ಬೆಡ್‌ಶೀಟ್ ತುಂಡಿನ ಮೇಲೆ ದಿನಾ ಅರ್ಧ ಗಂಟೆ ಬರೆದು ಕಲಿತೆ. ಚಿತ್ರ ಬರೆಯುವ ಕೈ ಇದ್ದರೆ ಸಾಕು ಅಂದುಕೊಂಡಿದ್ದೆ, ಆದರೆ ಇದು ಬಿಸಿಯ ಆಟ. ಮೇಣ ತಣ್ಣಗಿದ್ದರೆ ಗೆರೆ ಬೆಳ್ಳಗೆ, ಸಕ್ಕರೆ ಪಾಕ ಹೆಪ್ಪುಗಟ್ಟಿದ ಹಾಗೆ ಬಟ್ಟೆಯ ಮೇಲೆ ಕೂರುತ್ತದೆ. ಹದ ಸರಿ ಇದ್ದರೆ ಗೆರೆ ಎಣ್ಣೆ ಬಿದ್ದ ಕಾಗದದ ಹಾಗೆ ಪಾರದರ್ಶಕ, ಬಟ್ಟೆ ತಿರುಗಿಸಿ ನೋಡಿದರೆ ಹಿಂದೆಯೂ ಅದೇ ಗೆರೆ. ತೀರಾ ಬಿಸಿಯಾದರೆ ಬೆರಳಗಲ ಹರಡುತ್ತದೆ. ಒಂದು ಗೆರೆ ಎಳೆದು ಹಿಂದೆ ತಿರುಗಿಸಿ ನೋಡುವುದು ಅಭ್ಯಾಸ ಮಾಡಿಕೊಳ್ಳಿ, ಎಲ್ಲಿ ಹಿಂದೆ ಕಾಣುವುದಿಲ್ಲವೋ ಅಲ್ಲಿ ಹಿಂದಿನಿಂದಲೇ ಇನ್ನೊಮ್ಮೆ ಎಳೆಯಿರಿ. ಕೊಕ್ಕು ಕಟ್ಟಿಕೊಂಡರೆ ಸಪೂರ ತಂತಿಯಲ್ಲಿ ಚುಚ್ಚಿ. ಮೇಣದಿಂದ ಬಟ್ಟೆಗೆ ಕೈ ತರುವಾಗ ಕೆಳಗೆ ಮಡಿಸಿದ ಬಟ್ಟೆಚೂರು ಹಿಡಿಯಿರಿ, ಇಲ್ಲವಾದರೆ ದಾರಿಯುದ್ದಕ್ಕೂ ಹನಿ. ಬಿದ್ದ ಹನಿಯನ್ನು ಕೆರೆದು ತೆಗೆಯುತ್ತೇನೆ ಅನ್ನುವುದು ಸುಮ್ನೆ. ನನ್ನ ದುಪಟ್ಟಾದಲ್ಲಿ ಅಂಥ ಹನಿಗಳೆಲ್ಲ ಈಗ ನೀರಿನ ಗುಳ್ಳೆ ಅಂತ ಹೆಸರು ಪಡೆದಿವೆ.

ಹೊಗೆಯ ಕತೆಯೂ ಅದೇ ತಿಂಗಳದ್ದು. ಮೇಣವನ್ನು ಯಾವತ್ತೂ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟೇ ಕರಗಿಸಬೇಕು. ನಾನು ಹಾಗೇ ಮಾಡುತ್ತಿದ್ದೆ, ಇಂಡಕ್ಷನ್ ಒಲೆ ಮೇಲೆ. ಆ ಸಂಜೆ ಕರೆಂಟ್ ಹೋಯಿತು. ಗೆರೆ ಅರ್ಧದಲ್ಲಿತ್ತು, ಅವಸರಕ್ಕೆ ಮೇಣದ ಪಾತ್ರೆಯನ್ನು ನೇರ ಗ್ಯಾಸ್ ಮೇಲಿಟ್ಟೆ. ಅಷ್ಟರಲ್ಲಿ ಫೋನ್. ಮಾತಾಡಿ ಬರುವಾಗ ಬಿಳಿ ಹೊಗೆ ಎದ್ದು, ಕಣ್ಣು ಗಂಟಲು ಉರಿ. ಇನ್ನು ಒಂದೆರಡು ನಿಮಿಷ ಆಗಿದ್ದರೆ ಬೆಂಕಿಯೇ ಹತ್ತುತ್ತಿತ್ತು. ಗ್ಯಾಸ್ ಆಫ್ ಮಾಡಿ ಮುಚ್ಚಳ ಹಾಕಿ ಹೊರಗೆ ಬಂದೆ, ಕೈ ನಡುಗುತ್ತಿತ್ತು. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಸಿಡಿದು ಎಲ್ಲ ಕಡೆ ಹರಡುತ್ತದೆ. ಮುಚ್ಚಳ ಹಾಕಿ ಉಸಿರು ಕಟ್ಟಿಸಬೇಕು. ಆವತ್ತಿನಿಂದ ಪಾತ್ರೆಗೆ ಸರಿಯಾಗಿ ಕೂರುವ ಮುಚ್ಚಳ ಮತ್ತು ಅಡುಗೆ ಸೋಡಾದ ಒಂದು ದೊಡ್ಡ ಪ್ಯಾಕೆಟ್ ಪಕ್ಕದಲ್ಲೇ ಇರುತ್ತದೆ. ಇವರು ಎಂತ ಹೇಳಲಿಲ್ಲ, ಮರುದಿನ ಮೇಣದ ಸಾಮಾನೆಲ್ಲ ಎತ್ತಿ ಹಿಂದಿನ ಜಗಲಿಗೆ ಸಾಗಿಸಿದರು. ಒಳ್ಳೆಯದೇ ಆಯಿತು, ಅಲ್ಲಿ ಗಾಳಿ ಆಡುತ್ತದೆ.

ಸೆಪ್ಟೆಂಬರ್, ಅಕ್ಟೋಬರ್ ಸುಮ್ಮನೆ ಕೂತೆ. ನಿಜ ಹೇಳಬೇಕಾದರೆ ಬಿಟ್ಟೇಬಿಟ್ಟಿದ್ದೆ. ನವರಾತ್ರಿಗೆ ಅಕ್ಕನ ಮಗಳು ಬಂದಾಗ "ಎಲ್ಲಿ ನನ್ನ ಬಂಗುಡೆ?" ಅಂತ ಕೇಳಿದಳು. ಎರಡನೇ ಬಟ್ಟೆ ತೋರಿಸಿದೆ. ತುಂಬ ಹೊತ್ತು ನೋಡಿ "ಇದು ಮೀನುಸಾರು" ಅಂದಳು.

ನವೆಂಬರ್ ಎರಡನೇ ವಾರ ಮತ್ತೆ ಶುರು. ಮೂರನೇ ಬಟ್ಟೆ ಟೆರೇಸ್‌ನಲ್ಲಿ ಎರಡೇ ಗಂಟೆಯಲ್ಲಿ ಹಪ್ಪಳದ ಹಾಗೆ ಒಣಗಿತು. ಅದೇ ಬಟ್ಟೆ, ಅದೇ ಮೇಣ, ಅದೇ ಕೈ, ಮೊದಲ ಗೆರೆಯೇ ಹಿಂದೆ ಕಾಣುವ ಹಾಗೆ ಇಳಿಯಿತು. ಜುಲೈಯಲ್ಲಿ ನನಗೆ ಕೈ ಬರುವುದಿಲ್ಲ ಅಂತ ಅತ್ತದ್ದು ನೆನಪಾಗಿ ನನಗೇ ನಗು ಬಂತು.

ಬಟ್ಟೆಯನ್ನು ಹಳೇ ಕಿಟಕಿಯ ಚೌಕಟ್ಟಿಗೆ ಪಿನ್ ಹೊಡೆದು ಬಿಗಿದೆ, ಒಂದು ಭಾಗ ಮುಗಿದ ಹಾಗೆ ಸರಿಸುತ್ತಾ. ಪೆನ್ಸಿಲ್‌ನಲ್ಲಿ ತೆಳ್ಳಗೆ ಚಿತ್ರ. ಮೊದಲು ಬೆಳ್ಳಗೆ ಉಳಿಯಬೇಕಾದ ಕಡೆ ಮೇಣ, ಅಂದರೆ ಮೀನಿನ ಸುತ್ತಲ ಗೆರೆ, ಕಣ್ಣಿನ ಉಂಗುರ, ಹೊಟ್ಟೆ. ಆಮೇಲೆ ಬ್ರಷ್‌ನಲ್ಲಿ ಬಣ್ಣ. ಮೇಣದ ಗೆರೆ ಗದ್ದೆಯ ಬದುವಿನ ಹಾಗೆ, ಬಣ್ಣ ಅದರೊಳಗೇ ನಿಲ್ಲಬೇಕು. ಬದು ಎಲ್ಲಾದರೂ ಒಂದು ಕೂದಲಿನಷ್ಟು ತೆರೆದಿದ್ದರೂ ಸಾಕು, ಹೊರಗೆ ಹರಿಯುತ್ತದೆ. ತೆಳು ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗಬೇಕು. ನಾನು ಮೊದಲು ಟರ್ಕೋಯಿಸ್, ಅಂದರೆ ಹಸಿರು ಬೆರೆತ ತಿಳಿ ನೀಲಿ, ಹಚ್ಚಿ, ಒಣಗಿಸಿ, ಹಾಗೇ ಇರಬೇಕಾದ ಕಡೆ ಮೇಣ ಮುಚ್ಚಿ, ಮೇಲಿಂದ ಹಸಿರು ಹಚ್ಚಿದೆ.

ಈ ಸಲ ಬಟ್ಟೆಯನ್ನು ಸೋಡಾದಲ್ಲಿ ನೆನೆಸಲಿಲ್ಲ, ಬಣ್ಣಕ್ಕೇ ಸೋಡಾ ಬೆರೆಸಿದೆ. 100 ಮಿಲಿ ನೀರಿಗೆ ಒಂದು ಮಟ್ಟಸ ಚಹಾ ಚಮಚ ಪುಡಿ, ಹಚ್ಚುವ ಹೊತ್ತಿಗೆ ಅರ್ಧ ಚಮಚ ವಾಷಿಂಗ್ ಸೋಡಾ. ಸೋಡಾ ಬಿದ್ದ ಮೇಲೆ ಬಣ್ಣಕ್ಕೆ ಆಯುಷ್ಯ ಕಡಿಮೆ, ಅದು ನೀರಿನ ಜೊತೆಯೇ ಸೇರಿ ಸತ್ತುಹೋಗುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪ ಬೆರೆಸಿ ಒಂದು ಗಂಟೆಯೊಳಗೆ ಹಚ್ಚಿ ಮುಗಿಸುತ್ತಿದ್ದೆ. ಅಡುಗೆ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ, ಅಡುಗೆಯದ್ದು ಇದಕ್ಕೆ ಸಾಲದು. ಪ್ರತಿ ಅಳತೆಯನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದು, ಅದೇ ಬಣ್ಣದ ಬಟ್ಟೆಚೂರು ಪಕ್ಕದಲ್ಲಿ ಅಂಟಿಸಿದ್ದೇನೆ. ನನ್ನ ಹತ್ತಿರ ಇರುವ ದಾಖಲೆ ಅಂದರೆ ಅದೊಂದೇ, ಹಸಿರು ಮಧ್ಯದಲ್ಲಿ ಖಾಲಿಯಾದಾಗ ಅದೇ ಹಸಿರು ಮತ್ತೆ ಬಂದದ್ದು ಅದರಿಂದ.

ಒಂದು ತಮಾಷೆ ಕೇಳಿ. ಬಣ್ಣ ಹಿಡಿಯುವ ತನಕ ಬಟ್ಟೆ ಹಸಿಯಾಗಿಯೇ ಇರಬೇಕು, ಬೇಗ ಒಣಗಿದರೆ ಹಿಡಿಯುವುದು ಅಲ್ಲಿಗೇ ನಿಲ್ಲುತ್ತದೆ. ಒಣ ಹವೆಯ ಊರಿನವರು ಇದಕ್ಕೆಂದೇ ಬಣ್ಣಕ್ಕೆ ಯೂರಿಯಾ ಬೆರೆಸುತ್ತಾರೆ. ನಾನೂ ತಂದಿಟ್ಟಿದ್ದೆ. ಬೇಕೇ ಆಗಲಿಲ್ಲ. ಸಂಜೆ ಹಚ್ಚಿ ಮೇಲೊಂದು ಪ್ಲಾಸ್ಟಿಕ್ ಹಾಸಿದರೆ ಬೆಳಗ್ಗೆಯೂ ತಂಪಾಗಿ ಹಸಿ. ಟರ್ಕೋಯಿಸ್ ನಿಧಾನದ ಬಣ್ಣ, ಸೆಖೆ ಬೇಕು, ಸಮಯ ಬೇಕು. ಎರಡೂ ನಮ್ಮಲ್ಲಿ ಧಾರಾಳ. ಮೇಣಕ್ಕೆ ಶತ್ರುವಾದ ಹವೆ ಬಣ್ಣಕ್ಕೆ ನೆಂಟ. ಯೂರಿಯಾ ಈಗ ತೊಂಡೆ ಬಳ್ಳಿಯ ಬುಡಕ್ಕೆ ಹೋಗುತ್ತಿದೆ.

ಕೊನೆಯದ್ದು ಬಿರುಕು. ಪೂರ್ತಿ ಬಟ್ಟೆಗೆ ಮೇಣ ಬಳಿದು, ತಣಿಸಿ, ಮುದುಡಿದರೆ ಮೇಣ ಒಡೆಯಬೇಕು. ನನ್ನದು ಒಡೆಯಲಿಲ್ಲ, ಚೂಯಿಂಗ್ ಗಮ್ ಹಾಗೆ ಬಾಗಿತು. ಡಿಸೆಂಬರ್ ಆದರೇನು, ಮಧ್ಯಾಹ್ನ ಮಂಗಳೂರಲ್ಲಿ ಚಳಿ ಎಲ್ಲಿ? ಬಟ್ಟೆಯನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ಗೆ ತುರುಕಿದೆ. ಒಳಗೆ ಮೊದಲೇ ಅರ್ಧ ಕಿಲೋ ಬಂಗುಡೆ ಇತ್ತು, ಮರುದಿನದ ಪುಳಿಮುಂಚಿಗೆ. ಕಾಲು ಗಂಟೆ ಬಿಟ್ಟು ತೆಗೆದೆ. ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಸಂಡಿಗೆ ಮುರಿದ ಹಾಗೆ ಚಟಪಟ ಶಬ್ದ. ಮೀನಿನ ಬೆನ್ನಿರುವ ಕಡೆ ಅಡ್ಡಡ್ಡ ಮಡಿಸಿ ಒತ್ತಿದೆ, ಉಳಿದ ಕಡೆ ಕೈ ಮುಟ್ಟಿಸಲಿಲ್ಲ. ಬಕೆಟ್‌ನಲ್ಲಿ 5 ಲೀಟರ್ ತಣ್ಣೀರು, ಕಾಲು ಕಿಲೋ ಕಲ್ಲುಪ್ಪು, 15 ಗ್ರಾಂ ಕಡು ನೀಲಿ. ಬಟ್ಟೆ ಮುಳುಗಿಸಿ ಇಪ್ಪತ್ತು ನಿಮಿಷ, ಆಮೇಲೆ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಹಾಕಿ ಇನ್ನೊಂದು ಗಂಟೆ, ಮೆಲ್ಲಗೆ ತಿರುಗಿಸುತ್ತಾ.

ತೊಳೆಯುವುದು ಇದೆಲ್ಲಕ್ಕಿಂತ ದೊಡ್ಡ ಕೆಲಸ. ಮೊದಲು ತಣ್ಣೀರು, ಮತ್ತೆ ಮತ್ತೆ. ಹನ್ನೊಂದನೇ ಬಕೆಟ್‌ವರೆಗೂ ನೀಲಿ ಬಿಡುತ್ತಿತ್ತು. ನಮ್ಮದು ತುಂಬೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರು, ಡಿಸೆಂಬರ್ ಆದ್ದರಿಂದ ತೊಂದರೆ ಆಗಲಿಲ್ಲ. ಏಪ್ರಿಲ್, ಮೇಯಲ್ಲಿ ತುಂಬೆಯಲ್ಲಿ ನೀರು ಇಳಿದು ರೇಶನಿಂಗ್ ಬಂದರೆ ಹನ್ನೊಂದು ಬಕೆಟ್ ಎಲ್ಲಿಂದ? ಮತ್ತೆ ಆ ಸೆಖೆಗೆ ಮೇಣವೂ ಮೆತ್ತಗೆ. ಅಂದರೆ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬೇಸಿಗೆಯಲ್ಲಿ ಮೇಣ ಗಟ್ಟಿಯಾಗುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ, ಅಷ್ಟೇ ನಮ್ಮ ಸೀಸನ್.

ಮೇಣ ತೆಗೆಯಲು ಹಳೇ ಪೇಪರ್ ನಡುವೆ ಇಟ್ಟು ಇಸ್ತ್ರಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಒಂದು ರಾಶಿ ಉದಯವಾಣಿ ಮುಗಿದರೂ ಬಟ್ಟೆ ಎಣ್ಣೆ ಕಾಗದದ ಹಾಗೇ ಉಳಿಯಿತು. ಪೂರ್ತಿ ಹೋಗಬೇಕಾದರೆ ಕುದಿಸಲೇಬೇಕು. ಸ್ಟೀಲ್ ಪಾತ್ರೆಯಲ್ಲಿ ಸೋಪಿನ ನೀರು ಕುದಿಸಿ ಬಟ್ಟೆ ಮುಳುಗಿಸಿದರೆ ಮೇಣ ಮೇಲೆ ತೇಲುತ್ತದೆ. ಬಟ್ಟೆ ಮೇಲೆತ್ತುವಾಗ ಆ ತೇಲುವ ಮೇಣ ಮತ್ತೆ ಅಂಟುತ್ತದೆ, ಅದಕ್ಕೆ ಕೋಲಿನಲ್ಲಿ ಎತ್ತಿದ ಕೂಡಲೇ ಪಕ್ಕದ ತಣ್ಣೀರಿನ ಬಕೆಟ್‌ಗೆ ಹಾಕಿ ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ. ಮೂರು ಸಲ ಮಾಡಿದೆ. ಆ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಒಳಗೆ ಮೇಣ ಹೆಪ್ಪುಗಟ್ಟಿದರೆ ಪ್ಲಂಬರ್‌ಗೆ ಕೊಡುವ ದುಡ್ಡಿನಲ್ಲಿ ಎರಡು ದುಪಟ್ಟಾ ಬರುತ್ತದೆ.

ಮೂರನೇ ಸಲ ಎತ್ತಿದಾಗ ಕತ್ತಲಾಗುತ್ತಿತ್ತು. ಜಗಲಿಯ ಲೈಟ್ ಕೆಳಗೆ ಬಿಡಿಸಿ ಹಿಡಿದೆವು, ಒಂದು ತುದಿ ನಾನು, ಒಂದು ತುದಿ ಅತ್ತೆ. ಹದಿನೇಳು ಬಂಗುಡೆ. ಹನ್ನೆರಡರ ಬೆನ್ನಿನ ಗೆರೆ ಸರಿಯಾಗಿ ಬಿದ್ದಿತ್ತು. ನಾಲ್ಕರಲ್ಲಿ ಗೆರೆ ಹೊಟ್ಟೆಗೂ ಇಳಿದಿತ್ತು. ಒಂದರ ಬಾಲ ಮಾತ್ರ ಬದು ಒಡೆದು ನೀಲಿಯಲ್ಲಿ ಕರಗಿ ಹೋಗಿತ್ತು. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಎಲ್ಲವನ್ನೂ ನೋಡಿದರು. "ಇದು ತಾಜಾ ಉಂಟು" ಅಂತ ಬಾಲ ಇಲ್ಲದ್ದನ್ನೇ ತೋರಿಸಿದರು. ಹೊಗಳಿದ್ದಾ, ತಮಾಷೆಯಾ ಅಂತ ಇನ್ನೂ ಗೊತ್ತಾಗಿಲ್ಲ.

ಖರ್ಚು ಕೇಳುವವರಿಗೆ: ಮೂರು ಬಟ್ಟೆಗೆ 1380, ಮೇಣಕ್ಕೆ 520, ಬಣ್ಣಕ್ಕೆ ಪಾರ್ಸೆಲ್ ಸೇರಿ 640, ಚಾಂಟಿಂಗ್ 700, ಬ್ರಷ್ 240, ಸೋಡಾ ಉಪ್ಪು ಪಿನ್ನು ಎಲ್ಲ ಸೇರಿ 120. ಒಟ್ಟು 3600. ಕಪ್ಪಾದ ಪಾತ್ರೆ, ಗ್ಯಾಸ್, ಕರೆಂಟ್ ಲೆಕ್ಕಕ್ಕಿಲ್ಲ. ಮಾರಲು ಮಾಡುವುದಾದರೆ ಈ ಲೆಕ್ಕದಲ್ಲಿ ದಿವಾಳಿ. ಎರಡನೆಯದ್ದಕ್ಕೆ ಬಟ್ಟೆ ಮತ್ತು ಸ್ವಲ್ಪ ಬಣ್ಣ ಮಾತ್ರ ಸಾಕು ಅನ್ನುವುದೊಂದು ಸಮಾಧಾನ.

ಮೇಣವೂ ವಾಪಸ್ ಬಂತು. ಪಾತ್ರೆ ರಾತ್ರಿಯಿಡೀ ಬಿಟ್ಟದ್ದಕ್ಕೆ ಬೆಳಗ್ಗೆ ನೀರಿನ ಮೇಲೆ ಅಪ್ಪದ ಹಾಗೆ ಒಂದು ದೊಡ್ಡ ಬಿಲ್ಲೆ, ತೆಳು ನೀಲಿ ಬಣ್ಣದ್ದು. ಅದರೊಳಗೆ ನೀರು, ಸೋಪು ಉಳಿದಿರುತ್ತದೆ. ಹಾಗೇ ಕರಗಿಸಿದರೆ ಸಿಡಿಯುತ್ತದೆ, ಚೂರು ಮಾಡಿ ಕೆಲವು ದಿನ ಬಿಸಿಲಿಗೆ ಇಟ್ಟು ಒಣಗಿಸಿಯೇ ಮತ್ತೆ ಬಳಸಬೇಕು. ಅದೂ ಚಾಂಟಿಂಗ್‌ಗೆ ಬೇಡ, ಕೊನೆಗೆ ಇಡೀ ಬಟ್ಟೆಗೆ ಬಳಿಯಲು ಇಟ್ಟುಕೊಳ್ಳಿ. ನನ್ನದು ಟೆರೇಸ್‌ನಲ್ಲಿ ಮೊರದ ಮೇಲೆ ಒಣಗುತ್ತಿದೆ, ಪಕ್ಕದಲ್ಲಿ ಗಂಜಿ ತೆಗೆದ ನಾಲ್ಕನೇ ಬಟ್ಟೆ. ಗಂಟೆ ಆರಾಗುತ್ತಾ ಬಂತು, ಇಬ್ಬನಿ ಬೀಳುವ ಮೊದಲು ಎರಡನ್ನೂ ಒಳಗೆ ತರಬೇಕು.